ಮಗ್ಗುಲ ಗೆರೆ

ಕಪ್ಪು ಬಟ್ಟಲಿನಲ್ಲಿ ಎರಡು ಬೆರಳು ನೀರು. ನೀರಿನ ತಳದಲ್ಲಿ ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದಾದ ಬಿಳಿ ಕಲ್ಲು. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಕಲ್ಲಿನೊಳಗೆ, ಕೊಯ್ದ ಮರದ ಕಾಂಡದಲ್ಲಿ ಕಾಣುವಂಥ ಬಳೆಗಳು. ಬೇಸಿಗೆಯ ಬಳೆ ಅಗಲ ಮತ್ತು ಬಿಳಿ, ಚಳಿಗಾಲದ್ದು ಸಣ್ಣ ಮತ್ತು ಕಪ್ಪು. ಕಪ್ಪು ಬಳೆಗಳನ್ನು ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದೆ. ಮೀನುಗಾರಿಕೆ ಸಂಶೋಧನಾ ಕೇಂದ್ರದ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಒಬ್ಬ ಹೆಂಗಸು ಇಪ್ಪತ್ತಾರು ವರ್ಷಗಳಿಂದ ಮಾಡುತ್ತಿರುವ ಕೆಲಸ ಇದು.

ಅವರನ್ನು ಎಲ್ಲರೂ ಕಲ್ಲಕ್ಕ ಎನ್ನುತ್ತಾರೆ. ಮೀನಿನ ಮಿದುಳಿನ ಹಿಂದೆ ಇರುವ ಜೋಡಿ ಕಿವಿಕಲ್ಲುಗಳನ್ನು ತೆಗೆದು, ತೊಳೆದು, ಒಣಗಿಸಿ, ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಪರೀಕ್ಷಾ ದೋಣಿಯವರು ಅವರಿಗೆ ಕಳಿಸುತ್ತಾರೆ. ಪೊಟ್ಟಣದ ಮೇಲೆ ಮೀನಿನ ಉದ್ದ, ಗಂಡೋ ಹೆಣ್ಣೋ, ಹಿಡಿದ ಜಾಗ, ತಾರೀಖು. ಕಲ್ಲಕ್ಕ ಅದನ್ನು ‘ಓದಿ’ ಒಂದು ಅಂಕಿ ಬರೆಯುತ್ತಾರೆ. ದಿನಕ್ಕೆ ನಲವತ್ತು ಕಲ್ಲು. ಅದಕ್ಕಿಂತ ಹೆಚ್ಚು ಓದಿದರೆ ಬಳೆ ಇಲ್ಲದ ಕಡೆಯೂ ಬಳೆ ಕಾಣತೊಡಗುತ್ತದೆ.

ಈ ಕೆಲಸಕ್ಕೆ ಅವರು ಓದಿ ಬಂದವರಲ್ಲ. ಇಪ್ಪತ್ತೈದರ ತನಕ ಗುಂಡಿ ಕಾರ್ಖಾನೆಯಲ್ಲಿದ್ದರು. ಪಟ್ಟಿಯ ಮೇಲೆ ಹರಿದುಬರುವ ಅಂಗಿಗುಂಡಿಗಳಲ್ಲಿ ಬಿರುಕು ಬಿಟ್ಟದ್ದನ್ನು ಹೆಕ್ಕಿ ಬಿಸಾಕುವುದು. ಕಾರ್ಖಾನೆ ಮುಚ್ಚಿದಾಗ ಕೇಂದ್ರದಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದರು. ಒಂದು ದಿನ ಆಗಿನ ಓದುಗ ಟೀ ಕುಡಿಯಲು ಹೋಗಿದ್ದಾಗ ಬಟ್ಟಲು ತೊಳೆಯಲು ಬಂದವರು ಸುಮ್ಮನೆ ಬಗ್ಗಿ ನೋಡಿ, “ಇದಕ್ಕೆ ಐದು ಗೆರೆ ಅಲ್ವಾ? ನೀವು ನಾಲ್ಕು ಬರ್ದಿದೀರಲ್ಲ” ಎಂದರಂತೆ. ಓದುಗನಿಗೆ ಸಿಟ್ಟು ಬಂತು. ಮತ್ತೆ ನೋಡಿದಾಗ ಐದೇ ಇತ್ತು.

ಅವರು ಹೆಚ್ಚಾಗಿ ಓದುವುದು ನಂಗಿನ ಕಲ್ಲನ್ನು. ನಂಗು ಎಂದರೆ ಕಡಲತಳದಲ್ಲಿ ಅಂಗಾತ ಬಿದ್ದಂತೆ ಕಾಣುವ ಚಪ್ಪಟೆ ಮೀನು. ನಿಜವಾಗಿ ಅದು ಅಂಗಾತ ಬಿದ್ದದ್ದಲ್ಲ, ಮಗ್ಗುಲಾಗಿ ಬಿದ್ದದ್ದು. ಮೊಟ್ಟೆಯೊಡೆದು ಬಂದಾಗ ಉಳಿದೆಲ್ಲ ಮೀನುಗಳಂತೆ ನೆಟ್ಟಗೆ ಈಜುತ್ತದೆ, ತಲೆಯ ಆಚೆ ಒಂದು ಈಚೆ ಒಂದು ಕಣ್ಣು. ಕೆಲವು ವಾರಗಳ ನಂತರ, ಇನ್ನೂ ಉಗುರಿನಷ್ಟಿರುವಾಗ, ಒಂದು ಕಣ್ಣು ಜಾಗ ಬಿಡುತ್ತದೆ. ತಲೆಯ ಮೇಲಿಂದ ಹಾದು ಇನ್ನೊಂದು ಕಣ್ಣಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಮೈ ವಾಲಿರುತ್ತದೆ. ಆಳವಿಲ್ಲದ ಕೊಲ್ಲಿಯ ಮರಳಿಗೆ ಇಳಿದು ಕಣ್ಣಿಲ್ಲದ ಮಗ್ಗುಲನ್ನು ಕೆಳಗೆ ಹಾಕಿ ಮಲಗಿದರೆ, ಉಳಿದ ಬದುಕೆಲ್ಲ ಹಾಗೆಯೇ. ಕೆಳಗಿನ ಮಗ್ಗುಲು ಬಿಳಿಯಾಗಿ ಉಳಿಯುತ್ತದೆ. ಮೇಲಿನದು ಮರಳಿನ ಬಣ್ಣ ಹಿಡಿಯುತ್ತದೆ. ಅಂಚಿನ ರೆಕ್ಕೆಗಳನ್ನು ಪಟಪಟ ಆಡಿಸಿ ಮೈಮೇಲೆ ಮರಳು ಹೊದ್ದುಕೊಳ್ಳುತ್ತದೆ, ಹೊರಗೆ ಎರಡು ಕಣ್ಣು ಮಾತ್ರ. ಕತ್ತಲು ಹತ್ತಿದ ಮೇಲೆ ಎದ್ದು ಹುಳು, ಎಳೆ ಚಿಪ್ಪು ಹುಡುಕುತ್ತದೆ. ಎರಡು ಮೂರು ವರ್ಷ ಕೊಲ್ಲಿಯಲ್ಲೇ ಬೆಳೆದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಆಳಕ್ಕೆ ಸರಿಯುತ್ತದೆ. ಈ ಕಡಲಿನ ಹೆಣ್ಣು ನಂಗು ಮೊದಲ ಬಾರಿ ಮೊಟ್ಟೆಯಿಡುವುದು ನಾಲ್ಕು ತುಂಬಿದ ಮೇಲೆ.

ಮಗ್ಗುಲು ಬದಲಾದ ಆ ದಿನಗಳ ಗುರುತು ಕಲ್ಲಿನ ನಡುವೆ ಉಳಿದಿರುತ್ತದೆ. ಕೇಂದ್ರದಲ್ಲಿ ಅದನ್ನು ಮಗ್ಗುಲ ಗೆರೆ ಎನ್ನುತ್ತಾರೆ. ನೋಡಲು ಚಳಿಗಾಲದ ಬಳೆಯಂತೆಯೇ ಕಪ್ಪಾಗಿ, ಸಣ್ಣಗೆ ಇರುತ್ತದೆ, ಆದರೆ ಅದು ವರ್ಷವಲ್ಲ. ಎಣಿಸಬಾರದು. ಗುರುತು ಹಿಡಿಯಲು ಒಂದೇ ದಾರಿ. ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗೆ ಕೂದಲಿನಂಥ ಅಳತೆಗೀಟುಗಳಿರುತ್ತವೆ. ಕಲ್ಲಿನ ನಡುಚುಕ್ಕೆಯಿಂದ ಹನ್ನೆರಡು ಗೀಟಿನೊಳಗೆ ಬರುವ ಕಪ್ಪು ಗೆರೆ ಮಗ್ಗುಲಿನದು. ಅದರಾಚೆ ಬರುವುದು ಮೊದಲ ಚಳಿಗಾಲ. ಹೊಸದಾಗಿ ಸೇರಿದ ಎಲ್ಲರಿಗೂ ಕಲ್ಲಕ್ಕ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಇದು.

ನಾಲ್ಕು ವರ್ಷಗಳಿಂದ ಆ ಕೊಲ್ಲಿಗೆ ಬಲೆ ಇಳಿದಿರಲಿಲ್ಲ. ತಳವನ್ನು ಕೆರೆದುಕೊಂಡು ಹೋಗುವ ಎಳೆಬಲೆಗಳಿಗೆ ಮರಿಗಳೆಲ್ಲ ಸಿಕ್ಕಿ, ನಂಗು ಕಾಣೆಯಾಗುವ ಹಂತಕ್ಕೆ ಬಂದಾಗ ಕೊಲ್ಲಿ ಮುಚ್ಚಿದ್ದರು. ಮತ್ತೆ ತೆರೆಯಲು ನಿಯಮ ಸರಳವಾಗಿತ್ತು. ಕೊಲ್ಲಿಯ ಬಾಯಲ್ಲಿ ಪರೀಕ್ಷೆಗೆಂದು ಹಿಡಿದ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ನಾಲ್ಕು ವರ್ಷ ತುಂಬಿರಬೇಕು. ಎರಡು ವರ್ಷ ಹಿಡಿದ ಸಾವಿರದ ನೂರ ನಲವತ್ತು ಮೀನುಗಳ ವಯಸ್ಸನ್ನು ಕಲ್ಲಕ್ಕ ಓದಿ ಮುಗಿಸಿದ್ದರು. ನೂರಕ್ಕೆ ಅರವತ್ತೊಂದು ಬಂದಿತ್ತು. ವರದಿ ಶುಕ್ರವಾರ ಹೋಗಬೇಕು, ಮುಂದಿನ ತಿಂಗಳು ಕೊಲ್ಲಿ ತೆರೆಯುತ್ತದೆ. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಎಲ್ಲರಿಗಿಂತ ಮೊದಲು ಮುಟ್ಟಿದ್ದು ಕಲ್ಲಕ್ಕನ ಮೈದುನನಿಗೆ. ಅವನ ದೋಣಿ ಸಣ್ಣದು, ಆಳ ಸಮುದ್ರಕ್ಕೆ ಹೋಗುವಂಥದ್ದಲ್ಲ. ಕೊಲ್ಲಿ ಮುಚ್ಚಿದ ಮೇಲೆ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದ. ಈಗ ಹೊಸ ಬಲೆ ಹೆಣೆಸಿ ಶೆಡ್ಡಿನಲ್ಲಿ ತೂಗುಹಾಕಿದ್ದ.

ಕಲ್ಲಕ್ಕನ ಗಂಡ ಇದೇ ಕೇಂದ್ರದ ಅಳತೆಗಾರರಾಗಿದ್ದರು. ಪರೀಕ್ಷಾ ದೋಣಿಯಲ್ಲಿ ಹೋಗಿ, ಮೀನನ್ನು ಹಲಗೆಯ ಮೇಲಿಟ್ಟು ಅಳೆದು, ತಲೆ ಸೀಳಿ ಕಲ್ಲು ತೆಗೆದು ಪೊಟ್ಟಣ ಕಟ್ಟುವವರು ಅವರೇ. ಮದುವೆಗೆ ಮೊದಲು ಎರಡು ವರ್ಷ ಕಲ್ಲಕ್ಕನಿಗೆ ಅವರ ಮುಖಕ್ಕಿಂತ ಕೈಬರಹ ಹೆಚ್ಚು ಪರಿಚಯವಿತ್ತು. ಏಳನ್ನು ಒಂದರ ಹಾಗೆ ಬರೆಯುತ್ತಾರೆಂದು ಜಗಳವಾಡಲು ಹೋಗಿ ಮೊದಲ ಸಲ ಮಾತಾಡಿದ್ದು. ಮಕ್ಕಳಾಗಲಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತೊಂದು ವರ್ಷ, ಕೆಳಗಿನ ಯಂತ್ರಗಳ ಸದ್ದಿನ ಮೇಲೆ, ಗಟ್ಟಿಯಾಗಿ ಮಾತಾಡುತ್ತ ಕಳೆದರು. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ದಕ್ಕೆಯಲ್ಲಿ, ಅಳೆಯುವ ಹಲಗೆಯ ಮೇಲೆ ಕೈಯೂರಿದವರು ಹಾಗೇ ಕುಸಿದರು. ಹಲಗೆಯ ಮೇಲಿದ್ದ ಮೀನಿನ ಉದ್ದವನ್ನು ಬರೆದಾಗಿತ್ತು. ಕಲ್ಲು ತೆಗೆದಿರಲಿಲ್ಲ.

ಒಂಬತ್ತು ದಿನ ರಜೆ ಹಾಕಿ ಹತ್ತನೇ ದಿನ ಕಲ್ಲಕ್ಕ ಕೆಲಸಕ್ಕೆ ಬಂದರು. ಮೇಜಿನ ಮೇಲೆ ಗಂಡನ ಕೈಬರಹದ ನಾನೂರ ಚಿಲ್ಲರೆ ಪೊಟ್ಟಣಗಳು ಸಾಲಾಗಿ ಕಾದಿದ್ದವು. ಮೊದಲನೆಯದನ್ನು ಬಿಡಿಸಿ, ಕಲ್ಲನ್ನು ಬಟ್ಟಲಿಗೆ ಹಾಕಿ, ಓದಿ, ಅಂಕಿ ಬರೆದರು. ಆಮೇಲೆ ಎರಡನೆಯದು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕೇಂದ್ರದಲ್ಲಿ ಯಾರೂ ಕಂಡಿಲ್ಲ. ಮನೆಯಲ್ಲೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ವೈದ್ಯರು ಸೂಜಿ ಹಾಕಿ ಜೋಮು ಹಿಡಿಸಿದ ದವಡೆಯ ಹಾಗೆ, ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ ತಾಗಿ ಮಣಿಕಟ್ಟು ಸುಟ್ಟದ್ದು ಮರುದಿನ ಬಸ್ಸಿನಲ್ಲಿ ಪಕ್ಕದವಳು ಹೇಳಿದ ಮೇಲೆ ತಿಳಿಯಿತು. ಬೆಳಗ್ಗೆ ಎಂಟೂ ಹತ್ತರ ಬಸ್ಸು, ನಲವತ್ತು ಕಲ್ಲು, ಸಂಜೆ ಐದೂ ನಲವತ್ತರ ಬಸ್ಸು. ಭಾನುವಾರ ಮೈದುನ ಬಂದು ಬಾಗಿಲಲ್ಲೇ ನಿಂತು, “ಅತ್ತಿಗೆ, ಏನಾದ್ರೂ ಬೇಕಾ?” ಎನ್ನುತ್ತಿದ್ದ. “ಏನೂ ಬೇಡ.” “ಗ್ಯಾಸು?” “ಇದೆ.” ನಲ್ಲಿ ಸೋರುತ್ತಿದ್ದರೆ ಸರಿಮಾಡಿ, ಒಂದು ಮೀನಿಟ್ಟು ಹೋಗುತ್ತಿದ್ದ.

ಆ ಮಂಗಳವಾರ ಬೆಳಗ್ಗೆ ತೊಟ್ಟಿಯಣ್ಣ ಮೇಲಕ್ಕೆ ಹತ್ತಿ ಬಂದರು. ಕೇಂದ್ರದ ಹಿಂಭಾಗದಲ್ಲಿ, ಕಡಲಿನಿಂದ ನೇರವಾಗಿ ಪಂಪಾಗುವ ನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವವರು ಅವರು. ಕೈಯಲ್ಲಿ ಒದ್ದೆ ಗೋಣಿ, ಗೋಣಿಯಲ್ಲಿ ಸತ್ತ ನಂಗು. ಶಾಲೆ ಮಕ್ಕಳಿಗೆ ತೋರಿಸಲು ಮರಿಯಿಂದ ಸಾಕಿದ ಅದಕ್ಕೆ, ಹರಡಿಕೊಂಡು ಬಿದ್ದಿರುತ್ತಿದ್ದ ಕಾರಣ, ಜಮಖಾನ ಎಂದು ಹೆಸರಿತ್ತು.

“ನಮ್ಮ ಜಮಖಾನ ಹೋಯ್ತು ಕಲ್ಲಕ್ಕ. ನಿನ್ನೆ ಮಧ್ಯಾಹ್ನದಿಂದ ಅಲ್ಲಾಡಿಲ್ಲ. ಅದು ಯಾವಾಗ್ಲೂ ಅಲ್ಲಾಡ್ತಿರ್ಲಿಲ್ಲ ಬಿಡಿ, ಅದ್ಕೇ ಗೊತ್ತಾಗಿದ್ದು ತಡ.”

“ಏನ್ ಮಾಡ್ಬೇಕು ಈಗ?”

“ಕಲ್ಲು ತೆಗ್ದು ಒಂದ್ಸಲ ನೋಡಿ. ಬೋರ್ಡಿಗೆ ಹಾಕ್ಬೇಕಂತೆ, ಇಷ್ಟು ವರ್ಷ ಬಾಳಿತ್ತು ಅಂತ.”

ಕಲ್ಲಕ್ಕ ತಲೆ ಸೀಳಿ, ಚಿಮಟದಿಂದ ಕಲ್ಲು ತೆಗೆದು, ತೊಳೆದು, ಬಟ್ಟಲಿಗೆ ಹಾಕಿ ನೋಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

“ಏಳು.”

“ಆರು,” ಎಂದರು ತೊಟ್ಟಿಯಣ್ಣ.

“ಏಳು ಅಣ್ಣ. ಎಣಿಸಿದೀನಿ.”

“ನೀವು ಕಲ್ಲು ಎಣಿಸಿದ್ರಿ, ನಾನು ಮೊಮ್ಮಗಳನ್ನ ಎಣಿಸಿದೀನಿ. ಈ ಜಮಖಾನದ ಕಣ್ಣು ತಿರುಗಿದ ವಾರಾನೇ ಅವಳು ಹುಟ್ಟಿದ್ದು. ಹೋದ ತಿಂಗಳು ಆರು ತುಂಬ್ತು, ಒಂದನೇ ಕ್ಲಾಸು. ಏಳು ಅಂದ್ರೆ ಎರಡನೇ ಕ್ಲಾಸಿಗೆ ಕಳಿಸ್ಬೇಕಾಗತ್ತೆ. ಕಳಿಸ್ಲಾ?”

ಕಲ್ಲಕ್ಕನಿಗೆ ಆ ವಾರ ನೆನಪಿತ್ತು. ಗಂಡ ಹೆಂಡತಿ ಇಬ್ಬರೂ ದಿನಾ ಸಂಜೆ ಬಸ್ಸಿಗೆ ಮುಂಚೆ ತೊಟ್ಟಿಯ ಹತ್ತಿರ ಹೋಗಿ ಮರಿಯ ಕಣ್ಣು ಎಷ್ಟು ಸರಿಯಿತೆಂದು ನೋಡುತ್ತಿದ್ದರು. ಕಣ್ಣು ನೆತ್ತಿಯ ಮೇಲೆ ಬಂದ ದಿನ ಗಂಡ, “ಪಾಪ, ಈವತ್ತು ಇದಕ್ಕೆ ಆಕಾಶವೂ ಕಾಣತ್ತೆ, ಗೋಡೆಯೂ ಕಾಣತ್ತೆ” ಎಂದಿದ್ದರು. ಆರು ವರ್ಷವೇ. ಏಳಾಗಲು ಸಾಧ್ಯವಿಲ್ಲ.

ಮತ್ತೆ ಬಗ್ಗಿ ನೋಡಿದರು. ನಡುಚುಕ್ಕೆ, ಅದರ ಪಕ್ಕ ಕಪ್ಪು ಗೆರೆ. ಅದು ಎಷ್ಟು ಗೀಟಿನಾಚೆ ಇದೆ ಎಂದು ಅಳೆಯಲು ಹೊರಟರು. ಗೀಟುಗಳಿರಲಿಲ್ಲ.

ಕಣ್ಣುಗಾಜನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಬರೀ ಗಾಜು. ಮೇಜಿನ ಕೆಳಖಾನೆ ಎಳೆದರೆ, ಹಿಂದಿನ ಮೂಲೆಯಲ್ಲಿ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ ಇನ್ನೊಂದು ಕಣ್ಣುಗಾಜು ಸಿಕ್ಕಿತು. ಡಬ್ಬಿಯ ಮೇಲೆ ಚೀಟಿ: ‘ಸ್ವಚ್ಛಗೊಳಿಸಲಾಗಿದೆ’, ಕೆಳಗೆ ತಾರೀಖು. ಅವರು ರಜೆಯಲ್ಲಿದ್ದ ಒಂಬತ್ತು ದಿನಗಳಲ್ಲಿ ಒಂದರದು. ಯಂತ್ರ ಒರೆಸಲು ಬಂದವನು ಗೀಟಿನ ಗಾಜನ್ನು ತೆಗೆದು ಶುಚಿಮಾಡಿಟ್ಟು, ಅಲ್ಲಿಯವರೆಗೆ ಇರಲೆಂದು ಬರೀ ಗಾಜು ಹಾಕಿ ಹೋಗಿದ್ದ. ಹೇಳೋಣವೆಂದರೆ ಮೇಜಿನ ಮುಂದೆ ಯಾರೂ ಇರಲಿಲ್ಲ.

ಇಪ್ಪತ್ತೈದು ವರ್ಷ ದಿನಾ ಕಣ್ಣೆದುರಿಗಿದ್ದ ಗೀಟುಗಳು ಹದಿನಾಲ್ಕು ತಿಂಗಳಿಂದ ಇಲ್ಲ ಎಂಬುದು ಅವರಿಗೆ ಗೊತ್ತಾಗಿರಲಿಲ್ಲ.

“ಆರು ಅಂತ ಬರೀಲಾ?” ಎಂದರು ತೊಟ್ಟಿಯಣ್ಣ.

“ಬರೀರಿ. ಆರು.”

ಗೀಟಿನ ಗಾಜು ಹಾಕಿ, ಕಪಾಟಿನಿಂದ ಕಣ್ಣಿಗೆ ಬಿದ್ದ ಇಪ್ಪತ್ತು ಪೊಟ್ಟಣ ತೆಗೆದು ಮತ್ತೆ ಓದಿದರು. ಹದಿನೇಳರಲ್ಲಿ ಅವರು ಮಗ್ಗುಲ ಗೆರೆಯನ್ನು ಮೊದಲ ಚಳಿಗಾಲವೆಂದು ಎಣಿಸಿದ್ದರು. ಮೂರರದ್ದು ನಾಲ್ಕಾಗಿತ್ತು, ನಾಲ್ಕರದ್ದು ಐದಾಗಿತ್ತು. ಮರಿ ಮೀನುಗಳಿಗೆಲ್ಲ ಒಂದೊಂದು ವರ್ಷ ಸೇರಿಸಿ, ದೊಡ್ಡವಾಗಿವೆ ಹಿಡಿಯಿರಿ ಎಂದು ಬರೆದುಕೊಟ್ಟಂತಾಗಿತ್ತು. ಚಿಮಟ ಒರೆಸಿ ಇಟ್ಟರು. ಅವರಿಗೆ ಬಂದದ್ದು ಒಂದೇ ಪ್ರಶ್ನೆ: ತಪ್ಪು ಮಾಡಿದ್ದು ನಾನು, ಸರಿ, ಇದನ್ನು ಹಿಡಿಯಬೇಕಾದವನು ಯಾಕೆ ಹಿಡಿಯಲಿಲ್ಲ?

ಯಾವ ಕೇಂದ್ರದಲ್ಲೂ ಒಬ್ಬರ ಓದನ್ನೇ ನಂಬುವುದಿಲ್ಲ. ಹತ್ತು ಕಲ್ಲಿಗೆ ಒಂದನ್ನು ಇನ್ನೊಬ್ಬರು, ಮೊದಲಿನವರ ಅಂಕಿ ನೋಡದೆ, ತಮ್ಮದೇ ಯಂತ್ರದಲ್ಲಿ ಓದಬೇಕು. ಇಬ್ಬರ ಅಂಕಿ ಬೇರೆಯಾದರೆ ‘ಒಪ್ಪಿಗೆ ಇಲ್ಲ’ ಎಂಬ ಅಂಕಣದಲ್ಲಿ ಗುರುತು ಬೀಳುತ್ತದೆ. ಈ ಕೆಲಸ ಮಾಡುವವನಿಗೆ ಇಲ್ಲಿ ಎರಡನೇ ಕಣ್ಣು ಎನ್ನುತ್ತಾರೆ. ಮೂವತ್ತನಾಲ್ಕರ ಅವನಿಗೆ ಕಲ್ಲು ಓದಲು ಕಲಿಸಿದ್ದೇ ಕಲ್ಲಕ್ಕ. ಅವರ ಗಂಡ ಹೋದ ಮೇಲೆ ಪರೀಕ್ಷಾ ದೋಣಿಯ ಅಳತೆಯನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಅವನ ಮೇಜು ಅದೇ ಕೋಣೆಯ ಆ ಗೋಡೆಗೆ. ಅವನ ಯಂತ್ರದಲ್ಲಿ ಗೀಟುಗಳು ಸರಿಯಾಗೇ ಇದ್ದವು.

ಕಲ್ಲಕ್ಕ ಹಾಳೆಗಳನ್ನು ತೆಗೆದು ನೋಡಿದರು. ಹಿಂದಿನ ವರ್ಷಗಳಲ್ಲಿ ನೂರಕ್ಕೆ ಹನ್ನೆರಡೋ ಹದಿನೈದೋ ‘ಒಪ್ಪಿಗೆ ಇಲ್ಲ’ ಇರುತ್ತಿದ್ದವು. ಹಾಗಿರುವುದೇ ಸರಿ, ಎರಡು ಜೋಡಿ ಕಣ್ಣು ಎಂದೂ ಒಂದೇ ಆಗುವುದಿಲ್ಲ. ಈ ಹದಿನಾಲ್ಕು ತಿಂಗಳಲ್ಲಿ ಆ ಅಂಕಣದಲ್ಲಿ ಒಂದು ಗುರುತೂ ಇರಲಿಲ್ಲ. ನೂರಕ್ಕೆ ನೂರು. ವರದಿಯ ಮೊದಲ ಪುಟದಲ್ಲೇ ಅದನ್ನು ಹೆಮ್ಮೆಯಿಂದ ಹಾಕಿದ್ದರು.

ಎರಡನೇ ಕಣ್ಣು ಒದ್ದೆ ಬೂಟು ಕಳಚುತ್ತ ಒಳಗೆ ಬಂದಾಗ ಕಲ್ಲಕ್ಕ ಹಾಳೆಯನ್ನು ಅವನ ಮೇಜಿನ ಮೇಲಿಟ್ಟರು.

“ಇದನ್ನ ನೀನು ಓದಿದ್ದಾ, ನಕಲು ಮಾಡಿದ್ದಾ?”

ಅವನು ಹಾಳೆ ನೋಡಿದ. ಕುರ್ಚಿಯಲ್ಲಿ ಕೂತ.

“ಎರಡನೇ ವಾರಾನೇ ಗೊತ್ತಾಗಿತ್ತು ಅಕ್ಕ.”

“ಏನು ಗೊತ್ತಾಗಿತ್ತು?”

“ನೀವು ಮಗ್ಗುಲ ಗೆರೆ ಸೇರಿಸಿ ಎಣಿಸ್ತಿದೀರ ಅಂತ. ಮೊದಲ ಹಾಳೇಲಿ ಹತ್ತಕ್ಕೆ ಎಂಟು ತಪ್ಪು ಬಂತು. ಎಲ್ಲ ಅಣ್ಣನ ಕೈಬರಹದ ಪೊಟ್ಟಣ. ನಾನು ಆ ಹಾಳೆ ಹಿಡ್ಕೊಂಡು ನಿಮ್ಮ ಹತ್ರ ಬಂದೆ. ನೀವು ಊಟದ ಡಬ್ಬಿ ತೆಗ್ದು, ತಿನ್ನದೆ, ಮುಚ್ಚಿ, ಮತ್ತೆ ತೆಗ್ದು ನೋಡ್ತಾ ಇದ್ರಿ. ಆಗ ಹೇಗೆ ಹೇಳ್ಲಿ, ತಪ್ಪು ಮಾಡ್ತಿದೀರ ಅಂತ? ಮುಂದಿನ ವಾರ ಸರಿ ಹೋಗ್ತೀರ ಅಂದ್ಕೊಂಡೆ. ಆ ಹಾಳೇಲಿ ನನ್ನ ಅಂಕಿ ಅಳಿಸಿ ನಿಮ್ಮದು ಬರ್ದೆ.”

“ಮುಂದಿನ ವಾರ?”

“ಅದನ್ನೂ ಬರ್ದೆ. ಆಮೇಲೆ ಹೇಳೋಕೆ ಹೋದ್ರೆ ಹಿಂದಿಂದೆಲ್ಲ ಹೇಳ್ಬೇಕಾಗ್ತಿತ್ತು. ಆಮೇಲೆ ನಾನು ಓದೋದನ್ನೇ ಬಿಟ್ಟೆ ಅಕ್ಕ. ನಿಮ್ಮದನ್ನ ನೋಡಿ ಇಳಿಸ್ತಿದ್ದೆ.”

“ಬೇರೆ ಯಾರಿಗಾದ್ರೂ ಗೊತ್ತಾ?”

“ಸಾಹೇಬ್ರು ಒಂದ್ಸಲ ಕೇಳಿದ್ರು, ಈ ವರ್ಷದ ಮೀನು ವಯಸ್ಸಿಗೆ ಗಿಡ್ಡ ಯಾಕೆ ಅಂತ. ಅವರೇ ಹೇಳ್ಕೊಂಡ್ರು, ನೀರು ಜಾಸ್ತಿ ತಣ್ಣಗಿತ್ತು ಅಂತ. ನಾನು ಹೂಂ ಅಂದೆ.”

ಅವನ ಕಿವಿಯ ತುದಿ ಕೆಂಪಾಗಿತ್ತು. ಬೈಯಿಸಿಕೊಳ್ಳಲು ತಯಾರಾಗಿ ಕೂತಿದ್ದ. ಬೈಗುಳ ಬರಲಿಲ್ಲ. ಕಲ್ಲಕ್ಕ ಅವನ ಬೂಟಿನಿಂದ ನೆಲದ ಮೇಲೆ ಹರಿಯುತ್ತಿದ್ದ ನೀರು ನೋಡುತ್ತಿದ್ದರು. ಕೊನೆಗೆ, “ನೆಲ ಒರೆಸು,” ಎಂದು ಹೇಳಿ ಕೆಳಗಿಳಿದು ಹೋದರು.

ಸಾಹೇಬರು, ಎಂದರೆ ಕೇಂದ್ರದ ಮುಖ್ಯಸ್ಥರು, ಕೆಟ್ಟವರಲ್ಲ. ಎರಡು ಸಲ ಕೇಳಿಸಿಕೊಂಡರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಎಷ್ಟಕ್ಕೆ ಇಳಿಯಬಹುದು?”

“ಓದದೆ ಹೇಳಕ್ಕಾಗಲ್ಲ. ಅರ್ಧಕ್ಕಿಂತ ಕೆಳಗೆ.”

“ಶುಕ್ರವಾರ ವರದಿ ಹೋಗ್ಬೇಕಮ್ಮ. ದಕ್ಕೆಯಲ್ಲಿ ಎಲ್ಲ ಬಲೆ ಹೊರಗೆ ಹಾಕಿದಾರೆ. ಈಗ ಇದನ್ನ ಕಳಿಸಿ, ಮುಂದಿನ ವರ್ಷ ತಿದ್ದುಪಡಿ ಅಂತ ಒಂದು ಟಿಪ್ಪಣಿ ಹಾಕಿದ್ರೆ?”

“ಮುಂದಿನ ವರ್ಷಕ್ಕೆ ಓದೋಕೆ ಮೀನಿರ್ಬೇಕಲ್ಲ ಸಾರ್.”

“ನಿಮಗೆ ನೋಟಿಸು ಕೊಡ್ಬೇಕಾಗತ್ತೆ. ಇಪ್ಪತ್ತಾರು ವರ್ಷದ ಸರ್ವಿಸು. ಅವನಿಗೂ ಕೊಡ್ಬೇಕು.”

“ಕೊಡಿ. ಅವನ ಹೆಸರು ಬರಿಯೋವಾಗ ಅವನಿಗೆ ಕಲಿಸಿದ್ದು ನಾನೇ ಅಂತ ಸೇರ್ಸಿ. ಎಲ್ಲ ಕಲ್ಲನ್ನೂ ಮತ್ತೆ ಓದ್ತೀವಿ. ಐದು ವಾರ ಬೇಕು.”

ಸಾಹೇಬರು ಅವರ ಮುಖ ನೋಡಿದರು. ಅಳುವವರನ್ನು, ಕೂಗಾಡುವವರನ್ನು ಸಂಭಾಳಿಸಿ ಅಭ್ಯಾಸವಿತ್ತು. ಇದು ಬೇರೆ. “ಕೂತ್ಕೊಳ್ಳಿ, ನೀರು ಕುಡೀರಿ” ಎಂದರು. ಕಲ್ಲಕ್ಕ ಕೂತು, ನೀರು ಕುಡಿದು, ಲೋಟವನ್ನು ತೊಳೆದಿಟ್ಟು ಹೋದರು.

ಸುದ್ದಿ ಬೇರೆಯವರ ಬಾಯಿಂದ ಹೋಗಬಾರದೆಂದು ಅವತ್ತೇ ಮಧ್ಯಾಹ್ನ ಮೈದುನನ ಶೆಡ್ಡಿಗೆ ಹೋದರು. ಅವನು ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅತ್ತಿಗೆ ತಾವಾಗಿ ಬಂದದ್ದು ಇದೇ ಮೊದಲು. ಗಡಿಬಿಡಿಯಲ್ಲಿ ಮಣೆ ಒರೆಸಿ ಹಾಕಿದ.

“ಕೊಲ್ಲಿ ತೆರೆಯಲ್ಲ,” ಎಂದರು ಕಲ್ಲಕ್ಕ. “ನಾನು ತಪ್ಪು ಎಣಿಸಿದ್ದೆ.” ಹೇಗೆ, ಎಷ್ಟು, ಎಂದಿನಿಂದ ಎಂದು ಎಲ್ಲವನ್ನೂ ಹೇಳಿದರು. ಅವನು ಸೀಸದ ಗುಂಡನ್ನು ಬೆರಳಲ್ಲಿ ಹೊರಳಿಸುತ್ತ ಕೇಳಿದ.

“ಒಂದು ಗೆರೆಗೆ?”

“ಒಂದು ಗೆರೆಗೆ.”

“ನನ್ನ ಹೊಟ್ಟೆ ಮೇಲೆ ಕಲ್ಲು ಹಾಕಿದ್ರಲ್ಲ ಅತ್ತಿಗೆ.”

“ನಾನು ಕಲ್ಲು ಎಣಿಸೋಳು ಕಣಪ್ಪ.”

“ತಮಾಷೆ ಮಾಡ್ಬೇಡಿ! ನಾಲ್ಕು ವರ್ಷ ಇನ್ನೊಬ್ಬರ ದೋಣೀಲಿ ಬೈಸ್ಕೊಂಡು ದುಡಿದಿದೀನಿ. ಇನ್ನು ಮೂರು ದಿನ ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಅಣ್ಣ ಇದ್ದಿದ್ರೆ ಹೀಗಾಗಕ್ಕೆ ಬಿಡ್ತಿದ್ನಾ?”

“ಅವರಿದ್ದಿದ್ರೆ ಆಗ್ತಾನೇ ಇರ್ಲಿಲ್ಲ.”

ಅವನು ಎದ್ದು ನಿಂತ. “ಅಣ್ಣ ಹೋದಾಗ್ಲೂ ಹೀಗೇ ಇದ್ರಿ. ಈಗ ನನ್ನ ಮುಂದೆ ಕೂತ್ಕೊಂಡು, ಬಸ್ಸಿನ ಟೈಮ್ ಹೇಳೋ ಹಾಗೆ ಹೇಳ್ತಿದೀರ. ನಿಮಗೆ ಒಂಚೂರೂ ಏನೂ ಅನ್ನಿಸಲ್ವಾ?”

ಕಲ್ಲಕ್ಕ ಆ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡರು. ಹುಡುಕಿ ನೋಡಿದರು.

“ಇಲ್ಲ,” ಎಂದರು.

ಅವನು ಹೊರಗೆ ಹೋಗಿ ಶೆಡ್ಡಿನ ಗೋಡೆಗೆ ಬೆನ್ನು ಹಾಕಿ ನಿಂತ. ಕಲ್ಲಕ್ಕ ಐದೂ ನಲವತ್ತರ ಬಸ್ಸು ಹಿಡಿದರು. ಆ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಲ್ಲಿ ಸೋರತೊಡಗಿತು. ಕಲ್ಲಕ್ಕ ಕೆಳಗೊಂದು ಬಕೆಟ್ ಇಟ್ಟರು.

ಶುಕ್ರವಾರ ವರದಿ ಹೋಗಲಿಲ್ಲ. ಕಲ್ಲಕ್ಕನಿಗೂ ಎರಡನೇ ಕಣ್ಣಿಗೂ ನೋಟಿಸು ಬಂತು. ಇಬ್ಬರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು. ಮರು ಓದು ಶುರುವಾಯಿತು. ಈ ಸಲ ಹತ್ತಕ್ಕೆ ಒಂದಲ್ಲ, ಸಾವಿರದ ನೂರ ನಲವತ್ತನ್ನೂ ಇಬ್ಬರೂ ಬೇರೆ ಬೇರೆಯಾಗಿ ಓದಬೇಕು. ಮೇಜುಗಳ ನಡುವೆ ರಟ್ಟಿನ ಪರದೆ ನಿಲ್ಲಿಸಿದರು. ತೊಟ್ಟಿಯಣ್ಣ ಒಮ್ಮೆ ಇಣುಕಿ, “ಏನ್ರಪ್ಪ, ಪರೀಕ್ಷೆ ಹಾಲ್ ಮಾಡ್ಕೊಂಡಿದೀರ” ಎಂದು ಹೋದರು.

ಗಂಡನ ಪೊಟ್ಟಣಗಳಿಂದ ಶುರುಮಾಡಿದರು. ಒಂದರಂಥ ಏಳುಗಳು, ಒತ್ತಿ ಎಳೆದ ಅಡ್ಡಗೀಟು, ನೀರು ಬಿದ್ದು ಹರಡಿದ ಶಾಯಿ. ಹೋದ ಸಲ ಈ ಪೊಟ್ಟಣಗಳನ್ನು ಬಿಡಿಸಿದ್ದು ಕಲ್ಲಕ್ಕನಿಗೆ ನೆನಪೇ ಇರಲಿಲ್ಲ. ಮೊದಲ ವಾರ ನಡುಚುಕ್ಕೆಯಿಂದ ಹನ್ನೆರಡು ಗೀಟು, ಮಗ್ಗುಲ ಗೆರೆ ಬಿಟ್ಟು ಮುಂದಕ್ಕೆ. ಎರಡನೇ ವಾರವೂ ಅಷ್ಟೇ. ಇಬ್ಬರೂ ಎಚ್ಚರಿಕೆಯಿಂದ ಓದುತ್ತಿದ್ದರು. ಸಂಜೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇರುತ್ತಿರಲಿಲ್ಲ. ಹಾಗೆ ವ್ಯತ್ಯಾಸವಿಲ್ಲದಿರುವುದು ಕಲ್ಲಕ್ಕನಿಗೆ ಸರಿಕಾಣಲಿಲ್ಲ. ಒಂದು ದಿನ ಪರದೆಯ ಮೇಲಿಂದ ಕೇಳಿದರು:

“ಮತ್ತೆ ನನ್ನ ಮನಸ್ಸು ನೋಡ್ಕೊಂಡು ಬರೀತಿದೀಯಾ?”

“ಇಲ್ಲ ಅಕ್ಕ.”

“ಅನುಮಾನದ ಕಲ್ಲು ಬಂದಾಗ ಏನ್ ಮಾಡ್ತೀಯ?”

ಅವನು ಚಿಮಟ ಕೆಳಗಿಟ್ಟ. “ನೀವು ಏನು ಬರೀಬಹುದು ಅಂತ ಯೋಚ್ನೆ ಮಾಡ್ತೀನಿ,” ಎಂದ.

“ನಿನಗೆ ಎರಡು ಕಣ್ಣು ಯಾಕಿದೆ?”

“ಸರಿ ಅಕ್ಕ.”

ನಾಲ್ಕನೇ ವಾರದ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಮೈದುನ ನಿಂತಿದ್ದ. ಒಳಗೆ ಬಂದು, ಬಕೆಟ್ಟನ್ನು ಕಾಲಿಂದ ಸರಿಸಿ, ನಲ್ಲಿ ಬಿಚ್ಚಿದ. ವಾಷರ್ ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದ:

“ಎಷ್ಟು ಬಂತು?”

“ಇನ್ನೂ ಮುಗ್ದಿಲ್ಲ. ನೂರಕ್ಕೆ ಮೂವತ್ತೆಂಟು, ಮೂವತ್ತೊಂಬತ್ತು ಆಗತ್ತೆ.”

“ಅಂದ್ರೆ ಇನ್ನೆಷ್ಟು ವರ್ಷ?”

“ಈಗ ಮೂರು ಇರೋವೇ ಜಾಸ್ತಿ. ಮುಂದಿನ ವರ್ಷ ಅವಕ್ಕೆ ನಾಲ್ಕು. ಸುಮ್ನೆ ಬಿಟ್ರೆ.”

“ಬಲೆ ಮಡಚಿಟ್ಟೆ,” ಎಂದ. “ಇಲಿ ಕಡಿಯದಿದ್ರೆ ಸಾಕು.” ನಲ್ಲಿ ತಿರುಗಿಸಿ, ನಿಂತಿತೇ ಎಂದು ನೋಡಿ, ಕೈ ಒರೆಸಿಕೊಂಡ. “ಅವತ್ತು ಜಾಸ್ತಿ ಮಾತಾಡ್ಬಿಟ್ಟೆ.”

“ಮಾತಾಡಿದ್ದು ಸರಿ ಇತ್ತು.”

“ಈಗಲಾದ್ರೂ ಏನಾದ್ರೂ ಅನ್ನಿಸ್ತಿದ್ಯಾ?”

“ನಲ್ಲಿ ಸೋರೋ ಸದ್ದಿಗೆ ನಿದ್ದೆ ಬರ್ತಿರ್ಲಿಲ್ಲ,” ಎಂದರು ಕಲ್ಲಕ್ಕ.

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಳೆಯ ವಾಷರನ್ನು ಜೇಬಿಗೆ ಹಾಕಿಕೊಂಡು ಹೋದ.

ಐದನೇ ವಾರದ ಗುರುವಾರ, ಗಂಡನ ಕೈಬರಹದ್ದಲ್ಲದ, ಎರಡನೇ ಕಣ್ಣು ತಾನೇ ದೋಣಿಯಿಂದ ತಂದಿದ್ದ ಪೊಟ್ಟಣಗಳ ಕೊನೆಯ ಸಾಲು. ಒಂದು ಕಲ್ಲು ಅಂಚಿನಲ್ಲಿ ಮಂಜಾಗಿತ್ತು. ಕೊನೆಯ ಕಪ್ಪು ಬಳೆ ಇದೆಯೋ ಇಲ್ಲವೋ ಎಂಬಂತೆ. ಕಲ್ಲಕ್ಕ ಬಟ್ಟಲನ್ನು ಎರಡು ಸಲ ತಿರುಗಿಸಿ, ಬೆಳಕು ತಗ್ಗಿಸಿ ನೋಡಿ, ನಾಲ್ಕು ಎಂದು ಬರೆದು, ಬಟ್ಟಲನ್ನು ಪರದೆಯಾಚೆ ದಾಟಿಸಿದರು. ಸಂಜೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಅವನ ಹಾಳೆಯಲ್ಲಿ ಅದರ ಮುಂದೆ ಮೂರು ಇತ್ತು.

“ಇದು ನಾಲ್ಕು,” ಎಂದರು ಕಲ್ಲಕ್ಕ.

“ಮೂರು ಅಕ್ಕ.”

“ಅಂಚು ನೋಡಿದ್ಯಾ?”

“ನೋಡಿದೆ. ಅದು ಕಲ್ಲು ಸವೆದಿರೋ ನೆರಳು. ಬಳೆ ಅಲ್ಲ.”

“ನೆರಳಾ? ನೆರಳು ಸುತ್ತಾ ಬರತ್ತಾ? ಬಾ ಇಲ್ಲಿ, ಕೂತ್ಕೋ. ಇಲ್ಲಿಂದ ಹಿಡಿ. ಒಂದು, ಎರಡು, ಮೂರು, ಇದೇನು ಹಾಗಾದ್ರೆ?”

“ಅರ್ಧಕ್ಕೇ ನಿಂತಿದೆ ನೋಡಿ. ಈ ಕಡೆ ಇಲ್ಲ.”

“ಇದೆ!”

“ಇಲ್ಲ ಅಕ್ಕ!”

“ಕಣ್ಣು ಎಲ್ಲಿಟ್ಟಿದೀಯ? ಮನೇಲಿಟ್ಟು ಬಂದಿದೀಯಾ?” ಕಲ್ಲಕ್ಕನ ದನಿ ಏರಿತ್ತು. ಹೊಲಿಗೆ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ದನಿ. ಮೊಗಸಾಲೆಯಲ್ಲಿ ಯಾರೋ ನಡೆಯುತ್ತಿದ್ದವರು ನಿಂತರು. ಮುಖಕ್ಕೆ ರಕ್ತ ಏರಿದ್ದು, ಕಿವಿ ಬಿಸಿಯಾದದ್ದು ಅವರಿಗೆ ಗೊತ್ತಾಯಿತು. ಮಣಿಕಟ್ಟಿನ ಸುಟ್ಟ ಕಲೆ ಮೇಜಿನ ಅಂಚಿಗೆ ಉಜ್ಜಿ ಉರಿಯುತ್ತಿತ್ತು. ಕೈ ಹಿಂದೆಗೆದುಕೊಂಡು ಆ ಕಲೆಯನ್ನು ನೋಡಿದರು.

ಎರಡನೇ ಕಣ್ಣು ಕದಲಲಿಲ್ಲ. “ಬೈರಿ ಅಕ್ಕ. ಆದ್ರೂ ಮೂರೇ.”

ಮತ್ತೊಮ್ಮೆ ಇಬ್ಬರೂ ಸರದಿಯಂತೆ ನೋಡಿದರು. ಅವರಿಗೆ ನಾಲ್ಕೇ ಕಂಡಿತು, ಅವನಿಗೆ ಮೂರೇ. ಬಸ್ಸಿನ ಹೊತ್ತು ಮೀರಿಹೋಗಿತ್ತು. ಕಲ್ಲಕ್ಕ ಪೆನ್ನು ತೆಗೆದು, ಹದಿನೈದು ತಿಂಗಳಿಂದ ಖಾಲಿಯಿದ್ದ ಅಂಕಣದಲ್ಲಿ, ಆ ಕಲ್ಲಿನ ಎದುರಿಗೆ, ‘ಒಪ್ಪಿಗೆ ಇಲ್ಲ’ ಎಂದು ಗುರುತು ಹಾಕಿದರು. ಗುರುತನ್ನು ಒಂದು ಸಲ ಒರಟಾಗಿ ತಿದ್ದಿ ದಪ್ಪ ಮಾಡಿದರು.

“ನಾಳೆ ಬೆಳಕಲ್ಲಿ ಮತ್ತೆ ನೋಡೋಣ,” ಎಂದರು. “ನಾಲ್ಕೇ ಅದು.”